ಬಟ್ಟೆಯ ತುಂಡೂ ದಾಖಲೆಯೇ: ಕೈಮಗ್ಗ ಅಭಿವೃದ್ಧಿ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಅಭಿವೃದ್ಧಿ ಆಯುಕ್ತರು (ಕೈಮಗ್ಗ),
ಕೇಂದ್ರ ಜವಳಿ ಸಚಿವಾಲಯ,
ನವದೆಹಲಿ

ಪ್ರತಿ: ಆಯುಕ್ತರು, ಕೈಮಗ್ಗ ಮತ್ತು ಜವಳಿ ಇಲಾಖೆ, ಕರ್ನಾಟಕ ಸರ್ಕಾರ

ಮಾನ್ಯರೆ,

ನೇಕಾರರ ಸೇವಾ ಕೇಂದ್ರಗಳು 1956ರಲ್ಲಿ ಶುರುವಾದಂದಿನಿಂದ ಅಲ್ಲಿ ತಯಾರಾದ ಬಟ್ಟೆಯ ಮಾದರಿಗಳು, ವಿನ್ಯಾಸದ ಗ್ರಾಫ್ ಹಾಳೆಗಳು, ನೂಲಿನ ಲೆಕ್ಕ, ಬಣ್ಣದ ಅಳತೆ ಬರೆದ ಚೀಟಿಗಳು, ಇವುಗಳಲ್ಲಿ ಉಳಿದಿರುವುದೆಲ್ಲ ನಿಮ್ಮ ಇಲಾಖೆಯ ವಶದಲ್ಲಿದೆ. ಅವನ್ನು ಒಂದರಿಂದೊಂದು ಬೇರ್ಪಡಿಸದೆ ಕಾಪಾಡಿ, ಪಟ್ಟಿ ಮಾಡಿ, ಓದುವವರಿಗೆ ತೆರೆದಿಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಜವಳಿ ವಿನ್ಯಾಸದ ಚರಿತ್ರೆ ಓದುವವಳು. ಅದರಲ್ಲೂ 20ನೇ ಶತಮಾನದ ಮೊದಲ ದಶಕಗಳಲ್ಲಿ ಯುರೋಪಿನ ಬಟ್ಟೆ ಹೊಸ ದಾರಿ ಹಿಡಿದ ಕಾಲ ನನ್ನ ಅಧ್ಯಯನದ ವಿಷಯ. ಅಲ್ಲಿನ ದಾಖಲೆಗಳ ಗತಿ ಏನಾಯಿತು ಎಂದು ಹೇಳದಿದ್ದರೆ ನನ್ನ ಕೋರಿಕೆಗೆ ಇಷ್ಟೇಕೆ ಅವಸರ ಎನ್ನುವುದು ತಮಗೆ ಅರ್ಥವಾಗಲಾರದು. ಅದಕ್ಕೇ ಮೊದಲು ಅಲ್ಲಿಗೆ ಹೋಗಿ ಆಮೇಲೆ ನಮ್ಮ ಮಗ್ಗಗಳ ಹತ್ತಿರ ಬರುತ್ತೇನೆ.

ಜರ್ಮನಿಯ ವೈಮಾರ್ ನಗರದಲ್ಲಿ 1919ರಲ್ಲಿ ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್ ಬೌಹೌಸ್ ಎಂಬ ಕಲೆ ಮತ್ತು ವಿನ್ಯಾಸದ ಶಾಲೆಯನ್ನು ತೆರೆದಾಗ ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲರಿಗೂ ಪ್ರವೇಶ ಎಂದು ಸಾರಿದ್ದರು. ಬಂದ ಹೆಣ್ಣುಮಕ್ಕಳ ಸಂಖ್ಯೆ ಕಂಡ ಮೇಲೆ ಅವರಲ್ಲಿ ಬಹುಪಾಲು ಮಂದಿಯನ್ನು ನೇಯ್ಗೆ ವಿಭಾಗಕ್ಕೆ ಕಳಿಸಿದರು. ಅಲ್ಲಿನ ಮಗ್ಗಗಳು ಹೆಲೆನ್ ಬ್ಯೋರ್ನರ್ ಎಂಬ ಶಿಕ್ಷಕಿ ತಂದಿಟ್ಟ ಸ್ವಂತದ ಮಗ್ಗಗಳು. ಬಣ್ಣಗಾರಿಕೆ ಕಲಿಯಲು ಗುಂಟಾ ಶ್ಟ್ಯೋಲ್ಟ್ಸಲ್ ಮತ್ತು ಬೆನಿಟಾ ಒಟ್ಟೆ ಎಂಬ ಇಬ್ಬರು ವಿದ್ಯಾರ್ಥಿನಿಯರು 1922ರಲ್ಲಿ ಕ್ರೇಫೆಲ್ಡ್ ಊರಿಗೆ ಹೋದರು. 1924ರಲ್ಲಿ ಮತ್ತೆ ಅದೇ ಊರಿನ ರೇಷ್ಮೆ ನೇಯ್ಗೆ ಶಾಲೆಗೆ ಹೋಗಿ, ಕಲಿತದ್ದನ್ನು ತಂದು ಉಳಿದವರಿಗೆ ಹೇಳಿಕೊಟ್ಟರು. ಶಾಲೆ 1925ರಲ್ಲಿ ಡೆಸ್ಸೌ ನಗರಕ್ಕೆ ಹೋಯಿತು. 1927ರಲ್ಲಿ ಶ್ಟ್ಯೋಲ್ಟ್ಸಲ್ ಆ ವಿಭಾಗದ ಮುಖ್ಯಸ್ಥೆಯಾದರು. ಗೋಡೆಗೆ ತೂಗುಹಾಕುವ ಒಂಟಿ ಕೃತಿಗಳಿಗಿಂತ ಕಾರ್ಖಾನೆಯಲ್ಲಿ ಗಜಗಟ್ಟಲೆ ನೇಯಬಹುದಾದ ಪರದೆ, ಕುರ್ಚಿಯ ಹೊದಿಕೆ, ಗೋಡೆಯ ಬಟ್ಟೆಗಳ ಕಡೆಗೆ ಕೆಲಸ ತಿರುಗಿದ್ದು ಆಕೆಯ ಕಾಲದಲ್ಲಿ. ನನ್ನ ಮಟ್ಟಿಗೆ ಬೌಹೌಸ್‌ನ ಹೆಸರುವಾಸಿ ಕುರ್ಚಿ, ದೀಪ, ಕಟ್ಟಡಗಳಷ್ಟೇ ಮಹತ್ವದ ಕೆಲಸ ಅದು. ಆದರೆ ಕುರ್ಚಿ ಉಳಿಯಿತು, ಅದರ ಮೇಲಿದ್ದ ಬಟ್ಟೆ ಸವೆದುಹೋಯಿತು. ಮಾಡಿದವರ ಹೆಸರು ಕೂಡ ಎಷ್ಟೋ ಸಲ ಬಟ್ಟೆಯ ಜೊತೆಗೇ ಹೋಯಿತು.

ಅದೇ ವಿಭಾಗದ ವಿದ್ಯಾರ್ಥಿನಿ ಆನಿ ಆಲ್ಬರ್ಸ್ 1930ರಲ್ಲಿ ಡಿಪ್ಲೊಮಾಗಾಗಿ ನೇಯ್ದ ಬಟ್ಟೆಯೊಂದನ್ನು ನೋಡಿ. ಬರ್ಲಿನ್ ಹತ್ತಿರದ ಬೆರ್ನೌ ಊರಿನಲ್ಲಿ ಕಾರ್ಮಿಕ ಸಂಘಗಳ ಒಕ್ಕೂಟ ಒಂದು ಶಾಲೆ ಕಟ್ಟಿಸಿತ್ತು. ಅದರ ಸಭಾಂಗಣದಲ್ಲಿ ಸದ್ದು ಮರುದನಿಯಾಗದಂತೆ ಗೋಡೆಗೆ ಹೊದಿಸಲು ಒಂದು ಬಟ್ಟೆ ಬೇಕಿತ್ತು. ಆಕೆ ಹಿಂಬದಿಯಲ್ಲಿ ಸದ್ದು ಹೀರುವ ಮೆತ್ತನೆಯ ಶೆನಿಲ್ ನೂಲು, ಮುಂಬದಿಯಲ್ಲಿ ಬೆಳಕನ್ನು ಮರಳಿಸುವ ಸೆಲೋಫೇನ್ ಎಳೆ ಕೂಡಿಸಿ ನೇಯ್ದರು. ಒಂದೇ ಬಟ್ಟೆ ಬೆಳಕಿನ ಕೆಲಸವನ್ನೂ ಮಾಡಿತು, ಸದ್ದಿನ ಕೆಲಸವನ್ನೂ ಮಾಡಿತು. ಈಗ ಅದರ ಫೋಟೊ ಒಂದನ್ನೇ ಇಟ್ಟುಕೊಂಡರೆ ನಮಗೆ ಸಿಗುವುದು ಬೂದುಬಣ್ಣದ ಒಂದು ಚೌಕ, ಅಷ್ಟೇ. ಹಿಂಬದಿ ಇಲ್ಲ, ಎಳೆ ಇಲ್ಲ, ಹಾಸು ಹೊಕ್ಕುಗಳು ಹೇಗೆ ದಾಟಿಕೊಂಡಿವೆ ಎಂಬ ಸುಳಿವಿಲ್ಲ. ಆ ಬಟ್ಟೆಯ ಬುದ್ಧಿಯೆಲ್ಲ ಇದ್ದದ್ದು ಫೋಟೊಗೆ ಸಿಗದ ಕಡೆಯಲ್ಲಿ. ಮಾದರಿ ತುಂಡುಗಳು ವಸ್ತುಸಂಗ್ರಹಾಲಯಗಳಲ್ಲಿ ಉಳಿದಿದ್ದರಿಂದಲೇ ಇವತ್ತು ನಾವು ಆಕೆಯ ಯೋಚನೆಯನ್ನು ಓದಲು ಸಾಧ್ಯವಾಗಿದೆ.

ಇನ್ನೊಬ್ಬಾಕೆಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಈ ಪತ್ರದ ಹಿಂದೆ ನಿಜಕ್ಕೂ ಇರುವುದು ಆಕೆಯೇ. ಓಟಿ ಬೆರ್ಗರ್ 1898ರಲ್ಲಿ ಹುಟ್ಟಿದ್ದು ಈಗ ಕ್ರೊಯೇಷಿಯಾಕ್ಕೆ ಸೇರಿರುವ ಜ್ಮಾಯೆವಾಟ್ಸ್ ಎಂಬ ಹಳ್ಳಿಯಲ್ಲಿ, ಯಹೂದಿ ಕುಟುಂಬದಲ್ಲಿ. ಕಾಯಿಲೆಯಿಂದ ಕಿವಿ ಮಂದವಾಗಿತ್ತು. 1927ರಲ್ಲಿ ಡೆಸ್ಸೌಗೆ ಬಂದು ನೇಯ್ಗೆ ಕಲಿತರು. ಬಟ್ಟೆಯನ್ನು ಕಣ್ಣಿನಿಂದ ನೋಡಿದರೆ ಸಾಲದು, ಕೈಯಿಂದ ಮುಟ್ಟಿ ಅರಿಯಬೇಕು ಎಂಬುದು ಆಕೆ 1930ರ ಲೇಖನವೊಂದರಲ್ಲಿ ಮಂಡಿಸಿದ ವಿಚಾರ. ನಾಜಿ ಬೆಂಬಲಿಗರ ಕಿರುಕುಳ ಮತ್ತು ಶಾಲೆಯ ಒಳಜಗಳಗಳ ನಡುವೆ 1931ರಲ್ಲಿ ಶ್ಟ್ಯೋಲ್ಟ್ಸಲ್ ಹೊರಬಿದ್ದ ಮೇಲೆ ನೇಯ್ಗೆ ವಿಭಾಗದ ಹೊಣೆ ಬೆರ್ಗರ್ ಹೆಗಲಿಗೆ ಬಿತ್ತು. 1932ರಲ್ಲಿ ಬರ್ಲಿನ್‌ನಲ್ಲಿ ತಮ್ಮದೇ ಕಾರ್ಯಾಗಾರ ತೆರೆದರು. ವಿನ್ಯಾಸ ಯಾರದೇ ಇರಲಿ, ಬಟ್ಟೆ ಮಾತ್ರ ಕಂಪನಿಯ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಕಾಲ ಅದು. ಆಕೆ ತಮ್ಮ ಹೆಸರು ಬಟ್ಟೆಯ ಜೊತೆ ಹೋಗಲೇಬೇಕೆಂದು ಪಟ್ಟು ಹಿಡಿದರು. ಪೀಠೋಪಕರಣಕ್ಕೆ ಹೊದಿಸುವ ಜೋಡಿ ಪದರದ ನೇಯ್ಗೆಯೊಂದಕ್ಕೆ 1934ರಲ್ಲಿ ಪೇಟೆಂಟ್ ಪಡೆದರು. ನೇಯ್ಗೆ ಎಂದರೆ ಹೆಂಗಸರ ಬಿಡುವಿನ ಕೆಲಸ ಎಂದುಕೊಂಡಿದ್ದವರ ಎದುರು ಆಕೆ ಇಟ್ಟದ್ದು ಎಂಜಿನಿಯರ್ ಒಬ್ಬಳ ವಾದ.

1936ರಲ್ಲಿ ನಾಜಿ ಸರ್ಕಾರ ಆಕೆಯ ವೃತ್ತಿಗೆ ಅನುಮತಿ ನಿರಾಕರಿಸಿತು. 1937ರಲ್ಲಿ ಲಂಡನ್‌ಗೆ ಹೋದರು. ಭಾಷೆ ಬಾರದು, ಕಿವಿ ಕೇಳದು, ಕೆಲಸ ಅಲ್ಪಸ್ವಲ್ಪ. ಹಿಂದೆ ಬೌಹೌಸ್‌ನಲ್ಲಿ ಕಲಿಸುತ್ತಿದ್ದ ಮೊಹೋಲಿ-ನಾಗ್ಯ್ ಶಿಕಾಗೋದಲ್ಲಿ ಕಟ್ಟುತ್ತಿದ್ದ ಹೊಸ ಶಾಲೆಗೆ ಕರೆ ಬಂದಿತ್ತು. ತಾಯಿಗೆ ಹುಷಾರಿಲ್ಲವೆಂದು 1938ರಲ್ಲಿ ಊರಿಗೆ ಹಿಂತಿರುಗಿದವರು ಮತ್ತೆ ಹೊರಡಲು ಆಗಲಿಲ್ಲ. 1944ರಲ್ಲಿ ಆಶ್ವಿಟ್ಸ್‌ನಲ್ಲಿ ಅವರನ್ನು ಕೊಂದರು.

ಅವರ ಮಾದರಿಗಳು ಈಗ ಬರ್ಲಿನ್, ಹಾರ್ವರ್ಡ್, ಶಿಕಾಗೋ, ನ್ಯೂಯಾರ್ಕ್ ಎಂದು ಚದುರಿಹೋಗಿವೆ. 1948ರ ಸುಮಾರಿನಿಂದ ಹಾರ್ವರ್ಡ್‌ನ ಬುಶ್-ರೈಸಿಂಗರ್ ಸಂಗ್ರಹಾಲಯ ಗ್ರೋಪಿಯಸ್ ನೆರವಿನಿಂದ ಬೌಹೌಸ್ ವಸ್ತುಗಳನ್ನು ಕೂಡಿಸತೊಡಗಿತು. ಇಂದು ಅಲ್ಲಿ 30,000ಕ್ಕೂ ಹೆಚ್ಚು ವಸ್ತುಗಳಿವೆ. ಜರ್ಮನಿಯ ಬೌಹೌಸ್ ಆರ್ಕೈವ್ 1960ರಲ್ಲಿ ಡಾರ್ಮ್‌ಶ್ಟಾಟ್‌ನಲ್ಲಿ ಶುರುವಾಗಿ 1971ರಲ್ಲಿ ಬರ್ಲಿನ್‌ಗೆ ಬಂತು. ಶಾಲೆ ಮುಚ್ಚಿದ್ದು 1933ರಲ್ಲಿ ಎಂಬುದನ್ನು ನೆನಪಿಡಿ. ನಡುವಿನ ಕಾಲು ಶತಮಾನದಲ್ಲಿ ಒಂದು ಮಹಾಯುದ್ಧ, ಒಂದು ನರಮೇಧ, ದೇಶ ಬಿಟ್ಟವರ ಹತ್ತಾರು ಪ್ರಯಾಣಗಳು ನಡೆದುಹೋದವು. ಬೆರ್ಗರ್ ಎಂಥ ವಿನ್ಯಾಸಕಾರ್ತಿ ಎಂದು ಜಗತ್ತಿಗೆ ಸರಿಯಾಗಿ ತಿಳಿಯುತ್ತಿರುವುದು ಈಚಿನ ವರ್ಷಗಳಲ್ಲಿ ಮಾತ್ರ. ಸಂಶೋಧಕರು ಬೇರೆ ಬೇರೆ ಊರುಗಳಲ್ಲಿದ್ದ ತುಂಡುಗಳನ್ನು ಹೋಲಿಸಿ, ಭೂತಗನ್ನಡಿಯಲ್ಲಿ ಎಳೆ ಎಣಿಸಿ, ಅನುಭವಿ ನೇಕಾರರ ಜೊತೆ ಕೂತು ಕೆಲವು ಬಟ್ಟೆಗಳನ್ನು ಮತ್ತೆ ಮಗ್ಗದ ಮೇಲೆ ನೇಯ್ದು ನೋಡಿದ ಮೇಲೆ. ಇದು ಸಾಧ್ಯವಾದದ್ದು ಒಂದೇ ಕಾರಣಕ್ಕೆ: ಬಟ್ಟೆಯ ತುಂಡು ಮತ್ತು ಅದಕ್ಕೆ ಅಂಟಿಸಿದ ಚೀಟಿ ಕೆಲವು ಕಡೆಯಾದರೂ ಜೊತೆಗೇ ಉಳಿದಿದ್ದವು.

ವಿಯೆನ್ನಾದಲ್ಲಿ ಅದೃಷ್ಟ ಇದಕ್ಕಿಂತ ಚೆನ್ನಾಗಿತ್ತು. 1903ರಲ್ಲಿ ಯೋಸೆಫ್ ಹಾಫ್‌ಮನ್ ಮತ್ತು ಗೆಳೆಯರು ಕಟ್ಟಿದ ವೀನರ್ ವೆರ್ಕ್‌ಶ್ಟೆಟೆ ಎಂಬ ವಿನ್ಯಾಸ ಮತ್ತು ಕರಕುಶಲ ಸಂಸ್ಥೆ 1932ರಲ್ಲಿ ದಿವಾಳಿಯಾಯಿತು. ಆದರೆ ಅದರ ಕಾಗದಪತ್ರ, ವಿನ್ಯಾಸದ ಹಾಳೆಗಳು, ಸಾವಿರಾರು ಬಟ್ಟೆ ಮಾದರಿಗಳು ಒಟ್ಟೊಟ್ಟಿಗೆ 1955ರಲ್ಲಿ ಆ ನಗರದ ಅನ್ವಯಿಕ ಕಲೆಗಳ ಸಂಗ್ರಹಾಲಯಕ್ಕೆ ಬಂದು ಸೇರಿದವು. ಅದರಿಂದಾಗಿ ಮರಿಯಾ ಲಿಕಾರ್ಟ್ಸ್, ಫೆಲಿಸೆ ರಿಕ್ಸ್ ಮುಂತಾದ ಹೆಣ್ಣುಮಕ್ಕಳು ಯಾವ ವಿನ್ಯಾಸ ಬರೆದರು, ಅದು ಯಾವ ಬಣ್ಣಗಳಲ್ಲಿ ಅಚ್ಚಾಯಿತು ಎಂದು ಇಂದಿನ ವಿದ್ಯಾರ್ಥಿ ಒಂದೇ ಕಡೆ ಕೂತು ತಿಳಿಯಬಹುದು. ಮಾಸ್ಕೋದಲ್ಲಿ ಇದರ ತಿರುವುಮುರುವು. 1923-24ರಲ್ಲಿ ವರ್ವಾರಾ ಸ್ಟೆಪನೋವಾ ಮತ್ತು ಲ್ಯುಬೋವ್ ಪೊಪೋವಾ ಹತ್ತಿ ಬಟ್ಟೆ ಅಚ್ಚಿನ ಕಾರ್ಖಾನೆಯೊಳಗೇ ಹೋಗಿ ಕೆಲಸ ಮಾಡಿದರು. ಅವರ ವಿನ್ಯಾಸಗಳನ್ನು ಇಂದು ನಾವು ಬಲ್ಲದ್ದು ಬಹುಮಟ್ಟಿಗೆ ಕಾಗದದ ಮೇಲೆ. ಜನ ಉಟ್ಟ ಬಟ್ಟೆ ಉಟ್ಟೇ ಮುಗಿಯಿತು.

ಈಗ ನಮ್ಮ ದೇಶದ ಮಾತು.

ನಮ್ಮ ಜವಳಿಯ ಆಧುನಿಕತೆ ಬೌಹೌಸ್‌ನಿಂದ ಬಂದದ್ದು ಎಂದು ನಾನು ಹೇಳುತ್ತಿಲ್ಲ. 1922ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಆ ಶಾಲೆಯ ಕಲಾವಿದರ ಕೃತಿಗಳ ಪ್ರದರ್ಶನ ನಡೆದಿತ್ತು, ನಿಜ. ಆದರೆ ಇಲ್ಲಿನ ಪ್ರಯೋಗದ ಬೇರು ಸ್ವದೇಶಿ ಚಳವಳಿಯಲ್ಲಿ, ಖಾದಿಯಲ್ಲಿ, ಸ್ವಾತಂತ್ರ್ಯದ ಮರುವರ್ಷಗಳ ಹಂಬಲದಲ್ಲಿದೆ. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಚುಕ್ಕಾಣಿ ಹಿಡಿದರು. ಕೈಮಗ್ಗದ ಕಡೆ ಪುಪುಲ್ ಜಯಕರ್ ಅವರ ಮುಂದಾಳುತನದಲ್ಲಿ ನೇಕಾರರ ಸೇವಾ ಕೇಂದ್ರಗಳು ಹುಟ್ಟಿಕೊಂಡವು. ಅಲ್ಲಿ ನಡೆದದ್ದು ನಮ್ಮ ಕಲೆಯ ಚರಿತ್ರೆಯಲ್ಲಿ ಅಪರೂಪದ ಸಂಗತಿ: ಸರ್ಕಾರ ಚಿತ್ರಕಾರರನ್ನು ನೌಕರಿಗೆ ತೆಗೆದುಕೊಂಡು ನೇಕಾರರ ಪಕ್ಕದಲ್ಲಿ ಕೂರಿಸಿತು. ಕೆ.ಜಿ. ಸುಬ್ರಮಣ್ಯನ್ ಮುಂಬಯಿಯ ಕೇಂದ್ರದಲ್ಲಿದ್ದರು. ಪ್ರಭಾಕರ ಬರ್ವೆ ವಾರಾಣಸಿಯ ಕೇಂದ್ರದಲ್ಲಿ ಕೆಲಸ ಮಾಡಿದರು, ಆ ಊರಿನಲ್ಲಿ ಕಂಡ ತಂತ್ರಪಂಥದ ಚಿತ್ರಗಳು ಅವರ ಕಲೆಯನ್ನೇ ಬದಲಿಸಿದವು. ಜೋಗೇನ್ ಚೌಧುರಿ ಮದರಾಸಿನಲ್ಲಿದ್ದರು. ಅರ್ಪಿತಾ ಸಿಂಗ್ ಕೂಡ ಈ ಕೇಂದ್ರಗಳಲ್ಲಿ ದುಡಿದವರೇ.

ಇವರ ಕ್ಯಾನ್‌ವಾಸುಗಳು ಇಂದು ದೊಡ್ಡ ಸಂಗ್ರಹಾಲಯಗಳಲ್ಲಿವೆ. ಕಲಾ ಇತಿಹಾಸಕಾರರು ಅವುಗಳ ಬಗ್ಗೆ ಬರೆಯುತ್ತಾರೆ, ಬರೆಯಬೇಕು ಕೂಡ. ಆದರೆ ಗ್ರಾಫ್ ಹಾಳೆಯ ಮೇಲೆ ಬಿದ್ದ ಗೆರೆಯನ್ನು ನೂಲಿಗೆ ಇಳಿಸಿದವರು ಯಾರು? ಇಷ್ಟು ಬಾಗಿದ ಗೆರೆ ಈ ನೂಲಿನಲ್ಲಿ ಮೂಡುವುದಿಲ್ಲ, ಸ್ವಲ್ಪ ನೇರ ಮಾಡಿ ಎಂದು ಹೇಳಿದ ನೇಕಾರ ಯಾರು? ಕೆಂಪು ಸೋರದಂತೆ ಬಣ್ಣ ಕೂಡಿಸಿದವರು ಯಾರು? ವಿನ್ಯಾಸ ಹುಟ್ಟಿದ್ದು ಚಿತ್ರಕಾರರು ಮತ್ತು ಇಂಥ ಕೆಲಸಗಾರರ ನಡುವಿನ ಮಾತಿನಲ್ಲಿ. ಆ ಮಾತು ಉಳಿದಿದ್ದರೆ ಮಾದರಿ ತುಂಡಿನ ಅಂಚಿನಲ್ಲಿ, ಹಾಳೆಯ ಮೂಲೆಯ ಪೆನ್ಸಿಲ್ ಗುರುತಿನಲ್ಲಿ, ಹಾಜರಿ ಪುಸ್ತಕದ ಒಂದು ಸಾಲಿನಲ್ಲಿ ಉಳಿದಿರುತ್ತದೆ. ಯುರೋಪಿನಲ್ಲಿ ಹೆಣ್ಣುಮಕ್ಕಳ ಹೆಸರು ಅಳಿಸಿಹೋದಂತೆ ನಮ್ಮಲ್ಲಿ ಅಳಿಸಿಹೋಗುವುದು ನೇಕಾರರ ಹೆಸರು. ಅದಕ್ಕೇ ಬೆರ್ಗರ್ ಕಥೆಯನ್ನು ಅಷ್ಟು ವಿವರವಾಗಿ ಹೇಳಿದೆ.

ಬಟ್ಟೆಯ ಮುಖವನ್ನಷ್ಟೇ ಸ್ಕ್ಯಾನ್ ಮಾಡಿದರೆ ಏನು ಕಳೆಯುತ್ತದೆ ಎಂದು ಇಳಕಲ್ಲಿನ ಯಾವ ನೇಕಾರರನ್ನು ಕೇಳಿದರೂ ಹೇಳುತ್ತಾರೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದೊಂದು ಎಳೆಗೂ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ಆ ಸೀರೆಯ ಜಾಣ್ಮೆ ಇರುವುದು ಆ ಕೂಡುವ ಜಾಗದಲ್ಲಿ. ಎದುರಿನಿಂದ ತೆಗೆದ ಚಿತ್ರದಲ್ಲಿ ಕಾಣುವುದು ಕೆಂಪು ಸೆರಗು ಮತ್ತು ಬೇರೆ ಬಣ್ಣದ ಒಡಲು ಮಾತ್ರ. ಚಿತ್ರ ನೋಡಿ ಯಂತ್ರಮಗ್ಗದಲ್ಲಿ ನಕಲು ತೆಗೆಯಬಹುದು, ಕೊಂಡಿಯನ್ನು ಕಲಿಯಲು ಆಗುವುದಿಲ್ಲ.

2023ರ ಆಗಸ್ಟ್ 7ರಂದು, ರಾಷ್ಟ್ರೀಯ ಕೈಮಗ್ಗ ದಿನದಂದು, ಜವಳಿ ಮತ್ತು ಕರಕುಶಲಗಳ ಕೋಶವೊಂದನ್ನು ಆನ್‌ಲೈನ್‌ನಲ್ಲಿ ತೆರೆದಿರಿ. ಅದನ್ನು ಮನಸಾರೆ ಸ್ವಾಗತಿಸಿದವರಲ್ಲಿ ನಾನೂ ಒಬ್ಬಳು. ಹಳ್ಳಿಯ ವಿದ್ಯಾರ್ಥಿನಿಗೆ ದೆಹಲಿಗೆ ಹೋಗದೆ ನೋಡಲು ಸಿಗುವುದು ಸಣ್ಣ ವಿಷಯವಲ್ಲ. ನನ್ನ ಭಯವಿರುವುದು ಅದರ ಬೆನ್ನ ಹಿಂದೆ ಬರಬಹುದಾದ ಒಂದು ತೀರ್ಮಾನದ ಬಗ್ಗೆ: ಚಿತ್ರ ತೆಗೆದಾಯಿತಲ್ಲ, ಇನ್ನು ಈ ಹಳೆಯ ತುಂಡುಗಳೇಕೆ ಎಂಬ ತೀರ್ಮಾನ. ಕಪಾಟು ತುಂಬಿದ ಕಚೇರಿಗಳಲ್ಲಿ ಇಂಥ ಮಾತು ಬಲು ಸುಲಭವಾಗಿ ಹುಟ್ಟುತ್ತದೆ. ಅದರಲ್ಲೂ 2020ರ ಜುಲೈ, ಆಗಸ್ಟ್‌ನಲ್ಲಿ ಅಖಿಲ ಭಾರತ ಕೈಮಗ್ಗ ಮಂಡಳಿ ಮತ್ತು ಕರಕುಶಲ ಮಂಡಳಿಗಳನ್ನು ರದ್ದು ಮಾಡಿದ ಮೇಲೆ ನನ್ನಂಥವರಿಗೆ ಕಾಡುವ ಪ್ರಶ್ನೆಯೊಂದಿದೆ. ಆ ಮಂಡಳಿಗಳ ದಶಕಗಳ ಕಡತ, ವರದಿ, ಪತ್ರವ್ಯವಹಾರ ಯಾವ ಯಾವ ಕಚೇರಿಗೆ ಸೇರಿವೆ? ರದ್ದತಿಯ ಸರಿತಪ್ಪು ಈ ಪತ್ರದ ವಿಷಯವಲ್ಲ. ಕಾಗದಗಳು ಎಲ್ಲಿವೆ ಎಂಬ ಪಟ್ಟಿಯೊಂದನ್ನು ಪ್ರಕಟಿಸಿದರೆ ಸಾಕು.

ಕಾನೂನಿನ ಒಂದು ಸೂಕ್ಷ್ಮವನ್ನೂ ತಮ್ಮ ಗಮನಕ್ಕೆ ತರಬೇಕು. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯ ಪ್ರಕಾರ ಕೇಂದ್ರದ ಯಾವ ಇಲಾಖೆಯೂ ನಿಗದಿತ ಕ್ರಮ ಅನುಸರಿಸದೆ ತನ್ನ ದಾಖಲೆಗಳನ್ನು ನಾಶ ಮಾಡುವಂತಿಲ್ಲ. ಆದರೆ ದಾಖಲೆ ಎಂದರೇನು ಎಂದು ಕಾಯ್ದೆ ವಿವರಿಸುವಲ್ಲಿ ಬರುವುದು ಕಡತ, ಹಸ್ತಪ್ರತಿ, ಮೈಕ್ರೊಫಿಲ್ಮ್, ಕಂಪ್ಯೂಟರಿನಿಂದ ಬಂದದ್ದು ಮುಂತಾದವು. ಬಟ್ಟೆಯ ಹೆಸರು ನೇರವಾಗಿ ಎಲ್ಲೂ ಇಲ್ಲ. ಹೀಗಾಗಿ ಹಾಳೆಗೆ ಅಂಟಿಸಿದ ಮಾದರಿಯಲ್ಲಿ ಹಾಳೆ ದಾಖಲೆಯೆನಿಸಿಕೊಂಡು, ಬಟ್ಟೆ ದಾಸ್ತಾನಿನ ಲೆಕ್ಕಕ್ಕೆ ಹೋಗುವ ಅಪಾಯವಿದೆ. ದಾಸ್ತಾನನ್ನು ಹಳತಾಯಿತೆಂದು ಲೆಕ್ಕದಿಂದ ತೆಗೆದುಹಾಕಬಹುದು, ಹರಾಜು ಹಾಕಬಹುದು. ಮಾದರಿ ತುಂಡನ್ನು ಅದರ ಕಾಗದದೊಂದಿಗೆ ಒಂದೇ ದಾಖಲೆಯೆಂದು ಪರಿಗಣಿಸಬೇಕು ಎಂಬ ಒಂದು ಸುತ್ತೋಲೆಯನ್ನು ನಿಮ್ಮ ಎಲ್ಲ ಕೇಂದ್ರಗಳಿಗೂ ಕಳಿಸಿ. ಈ ಪತ್ರದಲ್ಲಿ ನಾನು ಕೇಳುತ್ತಿರುವುದರಲ್ಲಿ ಮೊದಲನೆಯದು ಮತ್ತು ಅತಿ ಮುಖ್ಯವಾದದ್ದು ಇದೇ. ಇದಕ್ಕೆ ಹಣ ಬೇಡ, ಒಂದು ಸಹಿ ಸಾಕು.

ಕಾಪಾಡುವ ಕೆಲಸಕ್ಕೂ ಕೋಟಿಗಳು ಬೇಕಿಲ್ಲ. ಹೆಸರು ಹೇಳಲು ಇಷ್ಟವಿಲ್ಲದ ಹಲವು ಕಡೆ ನಾನು ಕಂಡದ್ದು ತುಕ್ಕು ಹಿಡಿದ ಸ್ಟೇಪ್ಲರ್ ಪಿನ್ನು ಬಟ್ಟೆಯನ್ನು ತಿಂದಿರುವುದು, ಹಳದಿಯಾದ ಸೆಲೋಟೇಪ್, ಕಿಟಕಿಯ ಬಿಸಿಲಿಗೆ ಅರ್ಧ ಮಾಸಿದ ಆಲ್ಬಮ್ಮುಗಳು. ಪಿನ್ನು ತೆಗೆದು ದಾರದಿಂದ ಹೊಲಿಯಬಹುದು. ಆಮ್ಲವಿಲ್ಲದ ಕಾಗದದ ನಡುವೆ ಮಡಿಕೆ ಬೀಳದಂತೆ ಇಡಬಹುದು. ಪ್ರದರ್ಶನಕ್ಕಿಟ್ಟಾಗ ಬೆಳಕು 50 ಲಕ್ಸ್ ಮೀರಬಾರದು ಎಂಬುದು ವಸ್ತುಸಂಗ್ರಹಾಲಯಗಳು ಜವಳಿಗೆ ಪಾಲಿಸುವ ಸಾಮಾನ್ಯ ಮಿತಿ. ಕಪಾಟಿನ ಬಾಗಿಲು ಮುಚ್ಚಿದರೆ ಅರ್ಧ ಕೆಲಸ ಆದಂತೆ.

ತೆರೆದಿಟ್ಟರೆ ವಿನ್ಯಾಸ ಕದಿಯುತ್ತಾರೆ ಎಂಬ ಆಕ್ಷೇಪ ಬರಬಹುದು. ನೇಕಾರ ಸಂಘಗಳ ಈ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಯಂತ್ರಮಗ್ಗದ ನಕಲು ಅವರ ಅನ್ನಕ್ಕೆ ಕೈಹಾಕಿದೆ. ಆದರೆ 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿತ ವಿನ್ಯಾಸಕ್ಕೂ ಸಿಗುವ ರಕ್ಷಣೆ ಹೆಚ್ಚೆಂದರೆ 15 ವರ್ಷ. 50, 60 ವರ್ಷ ಹಿಂದಿನ ಮಾದರಿಯನ್ನು ಬೀಗದಲ್ಲಿಟ್ಟು ಕಾಪಾಡಲು ಹೊರಟರೆ ಕಾಪಾಡಿದಂತಾಗುವುದು ಬೀಗವನ್ನು ಮಾತ್ರ. ಬದಲಿಗೆ ಇಂಥ ವಿನ್ಯಾಸ ಇಂಥ ಊರಿನಲ್ಲಿ ಇಂಥವರು ನೇಯ್ದದ್ದು ಎಂದು ಪ್ರಕಟವಾದ ದಾಖಲೆ ಇದ್ದರೆ, ಅದು ನಮ್ಮದು ಎಂದು ವಾದಿಸಲು ಆ ಊರಿನ ಸಂಘಕ್ಕೆ ಕೈಯಲ್ಲಿ ಒಂದು ಪುರಾವೆ ಇರುತ್ತದೆ.

ಪಟ್ಟಿ ಮಾಡುವವರು ಯಾರು ಎಂಬುದರ ಬಗ್ಗೆಯೂ ಒಂದು ಮಾತು. ವಿಶ್ವವಿದ್ಯಾಲಯದಿಂದ ಬಂದ ನನ್ನಂಥವಳಿಗೆ ಬಟ್ಟೆಯ ಕಾಲ, ಶೈಲಿ, ಸಂಬಂಧ ಹೇಳಲು ಬರಬಹುದು. ಹಾಸಿನಲ್ಲಿ ಎಷ್ಟು ನಂಬರಿನ ನೂಲಿದೆ, ವಿನ್ಯಾಸ ಮೂಡಿಸಲು ಮಗ್ಗಕ್ಕೆ ಜೋಡಿಸುವ ಸಾಧನಗಳಲ್ಲಿ ಡಾಬಿಯಲ್ಲಿ ನೇಯ್ದದ್ದೋ ಜಕಾರ್ಡ್‌ನಲ್ಲೋ, ಇಲ್ಲಿ ಎಳೆ ತಪ್ಪಿದ್ದು ಬೇಕೆಂದೇ ಮಾಡಿದ್ದೋ ಅಲ್ಲವೋ ಎಂದು ಬೆರಳಾಡಿಸಿ ಹೇಳಬಲ್ಲವರು ನೇಕಾರರು. ಬೆರ್ಗರ್ ಬಟ್ಟೆಗೆ ಮತ್ತೆ ಜೀವ ಬಂದದ್ದು ಸಂಶೋಧಕರು, ನೇಕಾರರು ಇಬ್ಬರೂ ಜೊತೆಗೆ ಕೂತಾಗ. ಆದ್ದರಿಂದ ಪ್ರತಿ ಕೇಂದ್ರದಲ್ಲೂ ನಿವೃತ್ತ ನೇಕಾರರನ್ನು, ಬಣ್ಣಗಾರರನ್ನು ತಜ್ಞರೆಂದೇ ನೇಮಿಸಿ, ತಜ್ಞರಿಗೆ ಕೊಡುವ ಸಂಭಾವನೆಯನ್ನೇ ಕೊಟ್ಟು ಈ ಕೆಲಸಕ್ಕೆ ಕರೆಯಿರಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ, ಇಲ್ಲಿ ಕನ್ನಡದಲ್ಲೇ ಬರೆದುಕೊಳ್ಳಲಿ. ಗುಳೇದಗುಡ್ಡದ ಖಣದ ಬುಟ್ಟಾ ವಿನ್ಯಾಸಕ್ಕೆ, ಮೊಳಕಾಲ್ಮೂರಿನ ಅಂಚಿಗೆ ಅಲ್ಲಿನವರು ಇಟ್ಟ ಹೆಸರುಗಳಿವೆ. ಪಟ್ಟಿಯಲ್ಲಿ ಆ ಹೆಸರುಗಳೇ ಇರಲಿ.

ಇದರಲ್ಲಿ ಕಾಯಲಾಗದ ಭಾಗ ಒಂದಿದೆ. 1956ರಲ್ಲಿ 20ರ ವಯಸ್ಸಿನಲ್ಲಿ ಮಗ್ಗದ ಮುಂದೆ ಕೂತವರು ಬದುಕಿದ್ದರೆ ಈಗ 90ರ ಆಸುಪಾಸಿನಲ್ಲಿದ್ದಾರೆ. 60, 70ರ ದಶಕಗಳಲ್ಲಿ ಕೆಲಸಕ್ಕೆ ಸೇರಿದವರು ಇನ್ನೂ ಸಿಗುತ್ತಾರೆ, ಹಳೆಯ ತುಂಡೊಂದನ್ನು ಕೈಗೆ ಕೊಟ್ಟರೆ ನೇಯ್ದವರ ಹೆಸರು ಹೇಳಬಲ್ಲರು. ಹಾಳೆ, ಬಟ್ಟೆಗಳು ಇನ್ನೂ ಹತ್ತು ವರ್ಷ ಕಪಾಟಿನಲ್ಲಿ ಉಳಿದಾವು. ಆ ನೆನಪುಗಳು ಅಷ್ಟು ದಿನ ಉಳಿಯುವುದಿಲ್ಲ.

ಎಲ್ಲ ಕೇಂದ್ರಗಳನ್ನೂ ಒಮ್ಮೆಗೇ ಕೇಳುತ್ತಿಲ್ಲ. ಬೆಂಗಳೂರಿನ ನೇಕಾರರ ಸೇವಾ ಕೇಂದ್ರದಿಂದ ಶುರುಮಾಡಿ. ಮುಂದಿನ ಕೈಮಗ್ಗ ದಿನದ ಹೊತ್ತಿಗೆ ಅಲ್ಲಿ ಏನೇನಿದೆ ಎಂಬ ಮೊದಲ ಪಟ್ಟಿ ಕನ್ನಡದಲ್ಲಿ ಹೊರಬರಲಿ. ಅದರಲ್ಲಿ ಮಾದರಿಯ ಸಂಖ್ಯೆಯ ಪಕ್ಕದಲ್ಲಿ ವಿನ್ಯಾಸ ಬರೆದವರಿಗೆ ಒಂದು ಕಾಲಂ, ನೇಯ್ದವರಿಗೆ ಒಂದು ಕಾಲಂ, ಬಣ್ಣ ಹಾಕಿದವರಿಗೆ ಒಂದು ಕಾಲಂ ಇರಲಿ. ಗೊತ್ತಿಲ್ಲದ ಕಡೆ ಖಾಲಿ ಬಿಡಿ, ಓದಿದವರು ಬಂದು ತುಂಬುತ್ತಾರೆ. ಪಿನ್ನು ತೆಗೆಯುವುದರಿಂದ ಹಿಡಿದು ಎಳೆ ಎಣಿಸುವವರೆಗೆ ಯಾವ ಕೆಲಸ ಹೇಳಿದರೂ ನಾನು, ನನ್ನ ವಿದ್ಯಾರ್ಥಿಗಳು ಬಂದು ಮಾಡಲು ಸಿದ್ಧರಿದ್ದೇವೆ. ತಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಗೌರವದಿಂದ,
ಜವಳಿ ಚರಿತ್ರೆಯ ಒಬ್ಬ ಅಧ್ಯಾಪಕಿ
ಬೆಂಗಳೂರು